ಚೀಲದಲ್ಲಿ ಒಂದು ಹಿಡಿ ಹಿಟ್ಟು

ಕೈಚೀಲ ತೊಡೆಯ ಮೇಲಿದೆ. ಅದರ ಬಾಯನ್ನು ಎರಡೂ ಕೈಯಿಂದ ಅಮುಕಿ ಹಿಡಿದು ಕೂತಿದ್ದೀರಿ. ಒಳಗೆ ಲಿಪ್‌ಸ್ಟಿಕ್, ಕರವಸ್ತ್ರ, ಮಡಚಿದ ಕರಪತ್ರಗಳ ಕಟ್ಟು. ಎಲ್ಲಕ್ಕೂ ಅಡಿಯಲ್ಲಿ ಕಾಗದದ ಪೊಟ್ಟಣ, ಪೊಟ್ಟಣದಲ್ಲಿ ಹಿಟ್ಟು. ಬೆಳಿಗ್ಗೆ ಅಡುಗೆಮನೆಯ ಡಬ್ಬಿಯಿಂದ ತುಂಬಿಕೊಂಡದ್ದು. ಬಾಗಿಲಲ್ಲಿ ಟಿಕೆಟ್ ಹರಿಯುವವನು ಚೀಲದತ್ತ ಒಮ್ಮೆ ನೋಡಿದಾಗ ಎದೆ ಧಸಕ್ಕೆಂದಿತ್ತು. ಆ ಬಡಿತ ಇನ್ನೂ ಇಳಿದಿಲ್ಲ.

ಓದುತ್ತಿರುವ ನೀವು ಗಂಡಸಾಗಿದ್ದರೂ ಸರಿ, ಇವತ್ತೊಂದು ರಾತ್ರಿಯ ಮಟ್ಟಿಗೆ ಈ ಹೆಂಗಸಿನ ಮೈಯೊಳಗೆ ಬಂದು ಕೂರಿ. ಗೆಳತಿಯಿಂದ ಎರವಲು ತಂದ ಉದ್ದನೆಯ ಗೌನು ಪಕ್ಕೆಲುಬಿನ ಮೇಲೆ ಬಿಗಿಯಾಗಿದೆ. ಎತ್ತರದ ಹಿಮ್ಮಡಿಯ ಷೂ ಹೆಬ್ಬೆರಳನ್ನು ಕಚ್ಚುತ್ತಿದೆ. ರೆಪ್ಪೆಗೆ ಬಳಿದ ಮಸ್ಕಾರ ಭಾರ, ಕೂದಲಿಗೆ ಹೊಡೆದ ಸ್ಪ್ರೇಯ ಸಿಹಿ ನಾತ ಗಂಟಲಲ್ಲೇ ಕೂತಿದೆ. ಇಷ್ಟು ಅಲಂಕಾರ ನೀವು ಮಾಡಿಕೊಂಡು ವರ್ಷಗಳಾದವು. ಆದರೆ ಇಲ್ಲಿಗೆ ಒಳಬರಲು ಇದೇ ವೇಷ ಬೇಕು. ಹೆಣ್ಣನ್ನು ಅಳೆಯುವ ಕಣ್ಣಿನ ಎದುರು ನಿಲ್ಲಬೇಕಾದರೆ, ಮೊದಲು ಆ ಕಣ್ಣಿಗೆ ಒಪ್ಪಿಗೆಯಾಗಬೇಕು.

1970ರ ನವೆಂಬರ್ 20, ಶುಕ್ರವಾರದ ರಾತ್ರಿ. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್, ವಿಶ್ವಸುಂದರಿ ಸ್ಪರ್ಧೆ. 1871ರಲ್ಲಿ ಬಾಗಿಲು ತೆರೆದ ಈ ದುಂಡು ಭವನದಲ್ಲಿ ಕೆಂಪು ಕುರ್ಚಿಗಳು ಸುತ್ತುಸುತ್ತಾಗಿ ಮೇಲೇರುತ್ತವೆ, ಸಾವಿರಾರು ಮುಖಗಳು ಒಂದೇ ಕಡೆ ತಿರುಗಿವೆ. ತಲೆ ಎತ್ತಿದರೆ ಛಾವಣಿಯಿಂದ ದೊಡ್ಡ ದೊಡ್ಡ ತಟ್ಟೆಗಳು ತೂಗುತ್ತಿವೆ. ಪ್ರತಿಧ್ವನಿ ತಗ್ಗಿಸಲೆಂದು ಕಳೆದ ವರ್ಷವಷ್ಟೇ ಕಟ್ಟಿದ ಅವನ್ನು ಇಲ್ಲಿಯವರು ಅಣಬೆ ಎಂದು ಕರೆಯುತ್ತಾರೆ. ನಿಮಗೆ ಒಂದೇ ಚಿಂತೆ: ನಿಮ್ಮ ಕೂಗನ್ನೂ ಅವು ನುಂಗಿಬಿಟ್ಟರೆ?

ಹೊರಗೆ ಪೊಲೀಸರು ಎಂದಿಗಿಂತ ಹೆಚ್ಚಿದ್ದಾರೆ. ಹಿಂದಿನ ರಾತ್ರಿ ಯಾರೋ ಬಿಬಿಸಿಯ ಪ್ರಸಾರ ವ್ಯಾನಿನ ಅಡಿಯಲ್ಲಿ ಬಾಂಬ್ ಸಿಡಿಸಿದ್ದರು. ಯಾರಿಗೂ ಗಾಯವಾಗಲಿಲ್ಲ. ಅದು ‘ಆ್ಯಂಗ್ರಿ ಬ್ರಿಗೇಡ್’ ಎಂಬ ಗುಪ್ತ ಗುಂಪಿನ ಕೆಲಸ, ನಿಮ್ಮದಲ್ಲ. ನಿಮಗೆ ಅದು ಗೊತ್ತೇ ಇರಲಿಲ್ಲ. ಆದರೆ ಸಿಕ್ಕಿಬಿದ್ದರೆ ಯಾರು ನಂಬುತ್ತಾರೆ? ಹಿಟ್ಟು ತಂದವಳು ಬಾಂಬ್ ತರಲಿಲ್ಲವೆಂದು ಪೊಲೀಸನಿಗೆ ಹೇಗೆ ಹೇಳುತ್ತೀರಿ? ಮನೆಯಲ್ಲಿ ಮಗು ಮಲಗಿದೆ. ಬೆಳಗಾಗುವುದರೊಳಗೆ ಬರುತ್ತೇನೆ ಎಂದು ಹೇಳಿ ಬಂದಿದ್ದೀರಿ.

ಎಡಗಡೆಯ ಕುರ್ಚಿಯಲ್ಲಿ ಒಬ್ಬ ಹೆಂಗಸು, ಅವಳ ಆಚೆ ಹತ್ತು ವರ್ಷದ ಮಗಳು. ‘ಪೆಪ್ಪರ್‌ಮಿಂಟ್ ತಗೊಳ್ಳಿ, ಗಂಟಲು ಒಣಗಿರೋ ಹಾಗಿದೆ’ ಎಂದು ಆಕೆ ಪೊಟ್ಟಣ ಚಾಚುತ್ತಾಳೆ. ಒಂದನ್ನು ತೆಗೆದುಕೊಳ್ಳುತ್ತೀರಿ. ಬಾಯಲ್ಲಿ ತಣ್ಣನೆಯ ಉರಿ. ಇನ್ನು ಸ್ವಲ್ಪ ಹೊತ್ತಿಗೆ ಈಕೆಯ ಸಂಜೆಯನ್ನು ನೀವು ಕೆಡಿಸಲಿದ್ದೀರಿ. ವರ್ಷಕ್ಕೊಮ್ಮೆ ಸಿಗುವ ಸಂಭ್ರಮಕ್ಕೆ ದುಡ್ಡು ಕೂಡಿಟ್ಟು ಬಂದಿರಬಹುದು, ಪಾಪ. ಆ ಪೆಪ್ಪರ್‌ಮಿಂಟ್ ಕರಗುವ ತನಕ ನಿಮ್ಮ ಧೈರ್ಯವೂ ಸ್ವಲ್ಪ ಸ್ವಲ್ಪ ಕರಗುತ್ತಾ ಹೋಗುತ್ತದೆ.

ಸಂಗೀತ ಏರುತ್ತದೆ. ಬೆಳಕು ಬೀಳುತ್ತದೆ. ಹುಡುಗಿಯರು ಬರುತ್ತಾರೆ.

ತಮ್ಮ ತಮ್ಮ ದೇಶದ ಹೆಸರು ಹೊತ್ತ ಐವತ್ತೆಂಟು ಹುಡುಗಿಯರು ಈಜುಡುಗೆಯಲ್ಲಿ, ಅದೇ ಹಿಮ್ಮಡಿಯ ಷೂ ಹಾಕಿಕೊಂಡು, ಅದೇ ನಗು ಹೊತ್ತುಕೊಂಡು ಸಾಲಾಗಿ ನಿಲ್ಲುತ್ತಾರೆ. ಎದೆ, ಸೊಂಟ, ನಿತಂಬ: ಮೂರು ಅಂಕಿಗಳು ಪತ್ರಿಕೆಗಳಲ್ಲಿ ಆಗಲೇ ಅಚ್ಚಾಗಿವೆ. 36-24-36 ಎಂಬುದು ಈ ಊರಿನ ಗಂಡಸರ ಬಾಯಲ್ಲಿ ಮಗ್ಗಿಯ ಹಾಗೆ ಓಡಾಡುತ್ತದೆ. ಆಮೇಲೆ ಒಂದು ಸೂಚನೆ. ಎಲ್ಲರೂ ಒಟ್ಟಿಗೆ ಬೆನ್ನು ತಿರುಗಿಸಿ ನಿಲ್ಲುತ್ತಾರೆ. ತೀರ್ಪುಗಾರರು ಹಿಂಭಾಗವನ್ನೂ ನೋಡಬೇಕಲ್ಲ. ಒಂದು ಕ್ಷಣ, ಎರಡು ಕ್ಷಣ, ಮೂರು. ಅಷ್ಟು ದೊಡ್ಡ ಸಭೆಯಲ್ಲಿ ಮುಖವಿಲ್ಲದ ಹೆಣ್ಣುಗಳ ಒಂದು ಸಾಲು.

ನಿಮಗೆ ಗೊತ್ತಿರುವ ನೋಟವೇ ಇದು. ನಮ್ಮ ಕಡೆ ದನದ ಜಾತ್ರೆಯಲ್ಲಿ ಬಾಯಿ ಬಿಡಿಸಿ ಹಲ್ಲೆಣಿಸುತ್ತಾರೆ, ಬಾಲ ಎತ್ತಿ ಸುಳಿ ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ಕಾಲಿನ ಕಸುವು ತೂಗುತ್ತಾರೆ. ಜಾತ್ರೆ ಮುಗಿಸಿ ಮನೆಗೆ ಬಂದರೆ ಪಡಸಾಲೆಯಲ್ಲಿ ಹೆಣ್ಣು ನೋಡುವ ಶಾಸ್ತ್ರ. ಉಪ್ಪಿಟ್ಟಿನ ತಟ್ಟೆ ಹಿಡಿದು ಹುಡುಗಿ ಬರುತ್ತಾಳೆ. ಸ್ವಲ್ಪ ಆ ಕಡೆ ನಡೆದು ತೋರಿಸಮ್ಮ. ಕೂದಲು ಸ್ವಂತದ್ದೇ ತಾನೆ? ಲಕ್ಷಣವಾಗಿದ್ದಾಳೆ, ಬಣ್ಣ ಮಾತ್ರ ಒಂದು ಚೂರು ಕಮ್ಮಿ. ತಟ್ಟೆ ಹಿಡಿದ ಆ ಕೈಗಳ ನಡುಕ ಗೊತ್ತಿದ್ದವರಿಗೆ ಆಲ್ಬರ್ಟ್ ಹಾಲಿನ ಈ ಬೆನ್ನುಗಳು ಪರದೇಶದವು ಅನ್ನಿಸುವುದಿಲ್ಲ.

ಪಕ್ಕಕ್ಕೆ ಕಣ್ಣು ಹೊರಳಿಸುತ್ತೀರಿ. ಹತ್ತು ವರ್ಷದ ಹುಡುಗಿ ನೆಟ್ಟಗೆ ಕೂತು ಹೊಟ್ಟೆಯನ್ನು ಒಳಗೆಳೆದುಕೊಂಡಿದ್ದಾಳೆ. ಉಸಿರು ಬಿಗಿ ಹಿಡಿದು ತನ್ನ ನಡುವನ್ನು ತಾನೇ ಎರಡು ಅಂಗೈಯಲ್ಲಿ ಅಳೆಯುತ್ತಿದ್ದಾಳೆ.

ಕರಗುತ್ತಿದ್ದ ಧೈರ್ಯ ಅಲ್ಲಿಗೆ ನಿಲ್ಲುತ್ತದೆ.

ಈ ಸಭೆಯಲ್ಲಿ ನಿಮ್ಮಂಥವರು ಇನ್ನೂ ಹತ್ತಾರು ಮಂದಿ ಚದುರಿ ಕೂತಿದ್ದಾರೆ. ಇತಿಹಾಸ ಓದುವ ಸ್ಯಾಲಿ ಅಲೆಕ್ಸಾಂಡರ್ ಇದ್ದಾಳೆ, ಜೋ ರಾಬಿನ್ಸನ್ ಇದ್ದಾಳೆ. ಒಬ್ಬರನ್ನೊಬ್ಬರು ನೋಡಬಾರದೆಂದು ಮಾತಾಗಿದೆ. ಇದೇ ವರ್ಷದ ಫೆಬ್ರವರಿ ಕೊನೆಯಲ್ಲಿ ಆಕ್ಸ್‌ಫರ್ಡಿನ ರಸ್ಕಿನ್ ಕಾಲೇಜಿನಲ್ಲಿ ಬ್ರಿಟನ್ನಿನ ಮೊದಲ ಮಹಿಳಾ ವಿಮೋಚನಾ ಸಮ್ಮೇಳನ ನಡೆದಿತ್ತು. ಹೆಂಗಸರು ಒಳಗೆ ಚರ್ಚಿಸುವಾಗ ಗಂಡಸರು ಮಕ್ಕಳನ್ನು ನೋಡಿಕೊಂಡಿದ್ದರು. ಸಮಾನ ವೇತನ, ಸಮಾನ ಶಿಕ್ಷಣ ಮತ್ತು ಅವಕಾಶ, ಇಪ್ಪತ್ತನಾಲ್ಕು ಗಂಟೆಯ ಶಿಶುವಿಹಾರ, ಗರ್ಭನಿರೋಧಕ ಮತ್ತು ಗರ್ಭಪಾತದ ಹಕ್ಕು ಎಂಬ ನಾಲ್ಕು ಬೇಡಿಕೆಗಳು ಅಲ್ಲಿಂದ ಹುಟ್ಟಿದವು. ಸಮಾನ ವೇತನದ ಕಾಯ್ದೆಗೆ ಈ ಮೇ ತಿಂಗಳಲ್ಲಿ ಒಪ್ಪಿಗೆ ಸಿಕ್ಕಿದೆ, ಜಾರಿಯಾಗಬೇಕಾದರೆ 1975ರ ಕೊನೆಯ ತನಕ ಕಾಯಬೇಕು. ಅದಕ್ಕೆಲ್ಲ ಸುದ್ದಿಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲು. ಈ ವೇದಿಕೆಗೆ ಈ ಒಂದೇ ದೇಶದಲ್ಲಿ ಎರಡು ಕೋಟಿಗೂ ಹೆಚ್ಚು ಕಣ್ಣುಗಳು. ಅದಕ್ಕೇ ಇಲ್ಲಿಗೆ ಬಂದಿದ್ದೀರಿ.

ಬಾಬ್ ಹೋಪ್ ಬರುತ್ತಾನೆ. ಅಮೆರಿಕದ ಹೆಸರಾಂತ ನಗೆಗಾರ, ವಿಯೆಟ್ನಾಂ ಯುದ್ಧದ ಸೈನಿಕರನ್ನು ನಗಿಸಲು ಸುಂದರಿಯರನ್ನು ಕರೆದುಕೊಂಡು ಹೋಗುವವನು. ನಾಲ್ಕು ವರ್ಷದ ಹಿಂದೆ ಹಾಗೆ ಹೋದವರಲ್ಲಿ ನಮ್ಮ ರೀಟಾ ಫರಿಯಾ ಕೂಡ ಒಬ್ಬಳು. ಮುಂಬಯಿಯಲ್ಲಿ ವೈದ್ಯಕೀಯ ಓದುತ್ತಿದ್ದ ಹುಡುಗಿ, 1966ರಲ್ಲಿ ಈ ಕಿರೀಟ ಗೆದ್ದ ಮೊದಲ ಏಷ್ಯಾದವಳು. ಅವಳು ಆಮೇಲೆ ಕಿರೀಟವನ್ನು ಬದಿಗಿಟ್ಟು ಡಾಕ್ಟರೇ ಆದಳು. ಹೋಪ್ ಮೈಕಿನ ಮುಂದೆ ನಿಂತು, ಇದೊಂದು ದನದ ಸಂತೆ ಎನ್ನುತ್ತಾನೆ. ದನದ ಹಾಗೆ ಒಂದು ಸಲ ಕೂಗುತ್ತಾನೆ. ತಾನೂ ಹಿಂದೆ ಹೋಗಿ ಕರುಗಳನ್ನು ನೋಡಿ ಬಂದೆ ಎನ್ನುತ್ತಾನೆ. ಇಂಗ್ಲಿಷಿನಲ್ಲಿ ಕರುವಿಗೂ ಮೀನಖಂಡಕ್ಕೂ ಒಂದೇ ಮಾತು. ಸಭೆ ಗೊಳ್ಳೆನ್ನುತ್ತದೆ.

ಸಂತೆ ಎಂದು ನೀವು ಕರಪತ್ರದಲ್ಲಿ ಬರೆದುಕೊಂಡು ಬಂದಿದ್ದಿರಿ. ಅವನು ಅದನ್ನೇ ನಗೆಚಟಾಕಿ ಮಾಡಿ ತಿಂದುಬಿಟ್ಟ. ಮೈಯೆಲ್ಲ ಬಿಸಿಯಾಗುತ್ತದೆ. ಕಿವಿಯ ಹಿಂದೆ ನರ ಬಡಿಯುತ್ತದೆ. ಸೂಚನೆ ಬರುವುದು ಇನ್ನೂ ತಡವಾಗಿ ಎಂದು ಮಾತಾಗಿತ್ತು. ಕಾಯಬೇಕು. ಅಂಗೈ ಬೆವರಿ ಚೀಲದ ಹಿಡಿ ಜಾರುತ್ತಿದೆ. ಇನ್ನೊಂದು ಜೋಕು. ಇನ್ನೊಂದು. ಏಳಬಹುದು, ಏಳದೇ ಇರಬಹುದು. ಏಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ನಾಳೆ ಮಗುವಿಗೆ ಹಾಲು ಕಾಯಿಸುತ್ತಾ ಮರೆತುಬಿಡಬಹುದು. ಕಾಲು ನಿಮ್ಮದಲ್ಲದ ಹಾಗೆ ಮರಗಟ್ಟಿದೆ.

ಆಗ ಕೇಳುತ್ತದೆ.

ಕಟ್ ಕಟ್ ಕಟ್ ಕಟರ್ರ್! ಫುಟ್‌ಬಾಲ್ ಪಂದ್ಯದಲ್ಲಿ ಜನ ಗಿರ್ರನೆ ತಿರುಗಿಸುವ ಮರದ ಗಿರಗಿಟ್ಲೆ. ಎಲ್ಲೋ ಮೇಲಿನಿಂದ. ಒಬ್ಬಳಿಗೆ ತಡೆಯಲಾಗಿಲ್ಲ. ಸೂಚನೆ! ಏಳುತ್ತೀರಿ. ಕುರ್ಚಿ ಧಡ್ಡೆಂದು ಮಡಚಿಕೊಳ್ಳುತ್ತದೆ. ಕೈ ಚೀಲದೊಳಗೆ. ಪೊಟ್ಟಣ. ಬೀಸುತ್ತೀರಿ. ಅದು ಗಾಳಿಯಲ್ಲೇ ಒಡೆಯುತ್ತದೆ, ಬೆಳಕಿನ ಕಂಬದೊಳಗೆ ಬಿಳಿಯ ಮೋಡ. ಆ ಕಡೆಯಿಂದ ಇನ್ನೊಂದು. ಮೇಲಿನಿಂದ ಇನ್ನೊಂದು. ಕರಪತ್ರಗಳು ಹಾರುತ್ತವೆ, ಹೊಗೆ ಏಳುತ್ತದೆ, ಕೊಳೆತ ಮೊಟ್ಟೆಯಂಥ ನಾತ ಹಬ್ಬುತ್ತದೆ, ಟೊಮೇಟೊ ಬೀಳುತ್ತದೆ. ಯಾರೋ ಚೀರುತ್ತಾರೆ. ನೀವೂ ಚೀರುತ್ತಿದ್ದೀರಿ. ನಾವು ಚೆಲುವೆಯರೂ ಅಲ್ಲ, ಕುರೂಪಿಗಳೂ ಅಲ್ಲ, ನಾವು ಸಿಟ್ಟಿಗೆದ್ದವರು! ಆ ದನಿ ನಿಮ್ಮದೇ ಎಂದು ತಿಳಿಯಲು ಒಂದು ಗಳಿಗೆ ಬೇಕಾಗುತ್ತದೆ. ಛಾವಣಿಯ ಅಣಬೆಗಳು ಅದನ್ನು ನುಂಗುವುದಿಲ್ಲ.

ವೇದಿಕೆಯ ಮೇಲೆ ಹೋಪ್ ಬೆಚ್ಚಿ ಹಿಂದೆ ಸರಿಯುತ್ತಾನೆ. ತಿರುಗಿ ಓಡಲು ನೋಡುತ್ತಾನೆ. ಸ್ಪರ್ಧೆಯ ಒಡತಿ ಜೂಲಿಯಾ ಮಾರ್ಲಿ ಅವನ ಕಾಲು ಹಿಡಿದು ತಡೆದಳೆಂದು ಆಮೇಲೆ ಎಲ್ಲರೂ ಹೇಳಲಿದ್ದಾರೆ. ಅವಳ ಗಂಡ ಎರಿಕ್ ಮಾರ್ಲಿ 1951ರಲ್ಲಿ ಬಿಕಿನಿ ಸ್ಪರ್ಧೆಯಾಗಿ ಶುರುಮಾಡಿದ್ದ ಈ ಹಬ್ಬ, ನೇರ ಪ್ರಸಾರದಲ್ಲಿ, ಕೆಲವು ನಿಮಿಷಗಳ ಮಟ್ಟಿಗೆ ನಿಂತುಹೋಗುತ್ತದೆ.

ನಿಮ್ಮ ಪಕ್ಕದ ಹೆಂಗಸು ಮಗಳನ್ನು ಎದೆಗವಚಿಕೊಂಡಿದ್ದಾಳೆ. ಅವಳ ಕಣ್ಣಲ್ಲಿ ಸಿಟ್ಟಿಲ್ಲ, ಗಾಬರಿ ಇದೆ. ಆ ಗಾಬರಿಗೆ ಕಾರಣ ನೀವು. ಮಗಳ ಕೂದಲ ಮೇಲೆ ಹಿಟ್ಟು ಉದುರಿದೆ. ಅವಳು ಹಣೆ ಒರೆಸಿಕೊಂಡು ಬೆರಳನ್ನು ನೋಡಿಕೊಳ್ಳುತ್ತಾಳೆ, ಆಮೇಲೆ ನಿಮ್ಮನ್ನು. ಏನಾದರೂ ಹೇಳಬೇಕು ಅನ್ನಿಸುತ್ತದೆ. ಅಷ್ಟರಲ್ಲಿ ಒಂದು ಕೈ ನಿಮ್ಮ ತೋಳನ್ನು ಹಿಂದಿನಿಂದ ಹಿಡಿಯುತ್ತದೆ.

ನೋವು. ಭುಜದ ಕೀಲು ಕಳಚುವ ಹಾಗೆ. ಎರಡು ಕೈ, ನಾಲ್ಕು ಕೈ. ಕಾಲು ನೆಲ ಬಿಡುತ್ತದೆ. ಒಂದು ಷೂ ಎಲ್ಲೋ ಬಿದ್ದುಹೋಯಿತು. ಗೌನಿನ ಹೊಲಿಗೆ ಪರ್ರೆಂದು ಬಿಡುತ್ತದೆ. ಮುಖ ಕೆಳಗಾಗಿ ಮೆಟ್ಟಿಲು ಒಂದೊಂದೇ ಜಾರುವುದು ಕಾಣುತ್ತದೆ. ಹಜಾರದ ತಿರುವಿನಲ್ಲಿ ತಲೆ ಎತ್ತಿದಾಗ ಪಕ್ಕದ ಬಾಗಿಲಲ್ಲಿ, ಹೆಗಲಿಂದ ಸೊಂಟದ ತನಕ ಪಟ್ಟಿ ಧರಿಸಿದ ಒಬ್ಬ ಹುಡುಗಿ. ಹತ್ತಿರದಿಂದ ಎಷ್ಟು ಚಿಕ್ಕವಳು! ಹಣೆಯ ಅಂಚಿನಲ್ಲಿ ಪೌಡರು ಬೆವರಿಗೆ ಕದಡಿದೆ. ‘ನಿಮ್ಮ ವಿರುದ್ಧ ಅಲ್ಲ! ನಿಮ್ಮ ವಿರುದ್ಧ ಅಲ್ಲ!’ ಎಂದು ಕೂಗುತ್ತೀರಿ. ಅವಳಿಗೆ ಕೇಳಿಸಿತೋ ಇಲ್ಲವೋ.

ಇಲ್ಲಿ ನಿಮ್ಮನ್ನು ಒಂದು ಗಳಿಗೆ ಆ ಮೈಯಿಂದ ಬಿಡಿಸಿ, ಬಾಗಿಲ ಆಚೆಗೆ ಕರೆದೊಯ್ಯಲೇಬೇಕು. ಇಲ್ಲದಿದ್ದರೆ ಈ ರಾತ್ರಿಯ ಅರ್ಧವಷ್ಟೇ ನಿಮ್ಮ ಕೈಗೆ ಬಂದಂತೆ.

ಈಗ ನೀವು ಪರ್ಲ್ ಜಾನ್ಸೆನ್. ಕೇಪ್‌ಟೌನಿನವಳು, ಕಾರ್ಖಾನೆಯಲ್ಲಿ ದುಡಿಯುವ ಹುಡುಗಿ. ನಿಮ್ಮ ದೇಶದಿಂದ ಈ ಸಲ ಇಬ್ಬರು ಬಂದಿದ್ದೀರಿ. ‘ಸೌತ್ ಆಫ್ರಿಕಾ’ ಎಂಬ ಪಟ್ಟಿ ಬಿಳಿಯ ಹುಡುಗಿಯ ಹೆಗಲ ಮೇಲಿದೆ. ವರ್ಣಭೇದದ ವಿರುದ್ಧ ಕೂಗೆದ್ದ ಮೇಲೆ ನಿಮ್ಮನ್ನೂ ಸೇರಿಸಿಕೊಂಡರು, ಪದಗಳನ್ನು ಹಿಂದುಮುಂದು ಮಾಡಿ ನಿಮ್ಮ ಪಟ್ಟಿಯ ಮೇಲೆ ‘ಆಫ್ರಿಕಾ ಸೌತ್’ ಎಂದು ಬರೆದರು. ಹುಟ್ಟಿದ ನೆಲದ ಹೆಸರನ್ನು ನೆಟ್ಟಗೆ ಹೇಳಿಕೊಳ್ಳುವ ಹಕ್ಕೂ ನಿಮಗಿಲ್ಲ. ಊರಲ್ಲಿ ಕೂರುವ ಬೆಂಚು ಬೇರೆ, ಹತ್ತುವ ರೈಲುಪೆಟ್ಟಿಗೆ ಬೇರೆ. ಇಲ್ಲಿ ಮಾತ್ರ ಒಂದೇ ಸಾಲು, ಒಂದೇ ಬೆಳಕು. ನಿಮ್ಮಿಂದ ಸ್ವಲ್ಪ ದೂರದಲ್ಲಿ ಗ್ರೆನೇಡದ ಜೆನಿಫರ್ ಹೋಸ್ಟನ್ ನಿಂತಿದ್ದಾಳೆ, ವಿಮಾನದ ಗಗನಸಖಿ, ಇಪ್ಪತ್ಮೂರರ ಗಟ್ಟಿ ಹೆಣ್ಣು. ವಾರವಿಡೀ ಛಾಯಾಗ್ರಾಹಕರು ಸ್ವೀಡನ್ನಿನ ಹೊಂಗೂದಲ ಹುಡುಗಿಯ ಸುತ್ತಲೇ ನೊಣದಂತೆ ಮುತ್ತಿದ್ದರು. ಬಾಜಿ ಕಟ್ಟುವವರ ದುಡ್ಡೂ ಅವಳ ಮೇಲೆಯೇ ಇತ್ತು. ಕಪ್ಪು ಮೈಯ ನಿಮ್ಮನ್ನು ಕ್ಯಾಮೆರಾಗಳು ದಾಟಿಕೊಂಡು ಹೋಗುತ್ತಿದ್ದವು.

ಹೊರಗೆ ಯಾರೋ ಬಿಳಿಯ ಹೆಂಗಸರು ಕೂಗುತ್ತಿದ್ದಾರೆ, ನಮ್ಮನ್ನು ನೋಡಬೇಡಿ ಎಂದು. ನಿಮ್ಮನ್ನು ಯಾರೂ ಈ ತನಕ ನೋಡಿಯೇ ಇಲ್ಲ.

ಆ ರಾತ್ರಿ ಹೋಸ್ಟನ್ ಗೆಲ್ಲುತ್ತಾಳೆ. ವಿಶ್ವಸುಂದರಿಯ ಕಿರೀಟ ಕಪ್ಪು ತಲೆಯ ಮೇಲೆ ಕೂರುವುದು ಅದೇ ಮೊದಲು. ಎರಡನೆಯವಳು ಪರ್ಲ್. ತೀರ್ಪುಗಾರರಲ್ಲಿ ಗ್ರೆನೇಡದ ಪ್ರೀಮಿಯರ್ ಎರಿಕ್ ಗೇರಿಯೂ ಇದ್ದನಲ್ಲ ಎಂದು ಮರುದಿನವೇ ಗುಸುಗುಸು ಶುರು. ಬಿಳಿಯ ಚೆಲುವೆ ಗೆದ್ದ ವರ್ಷಗಳಲ್ಲಿ ತೀರ್ಪುಗಾರರ ಚರ್ಮದ ಬಣ್ಣವನ್ನು ಯಾರೂ ಕೇಳಿದ್ದಿಲ್ಲ. ಹಿಟ್ಟೆಸೆದವರ ಪಕ್ಷ ನನ್ನದು. ಆ ಅಳತೆಗೋಲು ಮುರಿಯಲೇಬೇಕಿತ್ತು. ಆದರೆ ಆ ಕೋಲು ಒಮ್ಮೆಯೂ ತಮ್ಮ ಕಡೆ ತಿರುಗದೆ ಬೆಳೆದ ಹುಡುಗಿಯರಿಗೆ, ಪೆಟ್ಟಿಗೆಯಂಥ ಟಿವಿಯಲ್ಲಿ ತಮ್ಮದೇ ಬಣ್ಣದ ಮುಖದ ಮೇಲೆ ಕಿರೀಟ ಕಂಡಾಗ ಆದ ಹಿಗ್ಗು ಸುಳ್ಳೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಹೋಸ್ಟನ್ ಮುಂದೆ ತನ್ನ ನಾಡಿನ ಹೈಕಮಿಷನರ್ ಆಗಿ ಕೆನಡಾಕ್ಕೆ ಹೋದಳು.

ಮತ್ತೆ ನಿಮ್ಮ ಮೈಗೆ ಬನ್ನಿ. ಕೆನ್ಸಿಂಗ್ಟನ್ ಗೋರ್ ರಸ್ತೆಯ ಚಳಿ ಮುಖಕ್ಕೆ ಹೊಡೆಯುತ್ತದೆ. ಒಂದು ಕಾಲಿಗೆ ಷೂ ಇಲ್ಲ, ಕಲ್ಲು ಮಂಜಿನಷ್ಟು ತಣ್ಣಗಿದೆ. ಹೊರಗೂ ಗುಂಪಿದೆ. ವರ್ಣಭೇದದ ವಿರುದ್ಧ ಫಲಕ ಹಿಡಿದವರು ಒಂದು ಕಡೆ, ನಿಮ್ಮ ಗೆಳತಿಯರು ಇನ್ನೊಂದು ಕಡೆ. ಅವರ ನಡುವೆ ಪೊಲೀಸ್ ವ್ಯಾನಿನ ಬಾಗಿಲು ತೆರೆದಿದೆ. ಪ್ರತಿಭಟನೆಯಲ್ಲಿ ನಿಮ್ಮ ಪಕ್ಕ ಯಾರು ನಿಂತಿದ್ದಾರೆ ಎಂಬುದು ಸಣ್ಣ ಮಾತಲ್ಲ. ಈ ರಾತ್ರಿ ನಿಮಗೆ ಆ ಅದೃಷ್ಟವಿದೆ. 26 ವರ್ಷದ ಮೇಲೆ, ನಮ್ಮೂರಿನಲ್ಲಿ, ನಿಮ್ಮಂಥವಳೊಬ್ಬಳಿಗೆ ಅದು ಇರಲಿಲ್ಲ.

1996ರ ನವೆಂಬರ್ 23, ಬೆಂಗಳೂರು. ಇದೇ ಸ್ಪರ್ಧೆ ಮೊದಲ ಸಲ ಭಾರತಕ್ಕೆ ಬಂದಿದೆ, ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ, 88 ಹುಡುಗಿಯರೊಡನೆ. ಎರಡು ವರ್ಷದ ಹಿಂದೆ ಸುಷ್ಮಿತಾ ಸೇನ್ ಮತ್ತು ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ ಬೇರೆ ಬೇರೆ ಕಿರೀಟ ಗೆದ್ದ ಮೇಲೆ ಗಲ್ಲಿಗೊಂದು ಬ್ಯೂಟಿ ಪಾರ್ಲರ್ ತೆರೆದಿದೆ. ಗುಂಡುಗುಂಡಗಿದ್ದರೆ ಲಕ್ಷಣ ಎನ್ನುತ್ತಿದ್ದ ಅಜ್ಜಿಯ ಎದುರೇ ಮೊಮ್ಮಗಳು ರಾತ್ರಿಯೂಟ ಬಿಡುತ್ತಿದ್ದಾಳೆ. ಎಣ್ಣೆಗಪ್ಪು ಮಾತ್ರ ಅಂದೂ ಬೇಡ, ಇಂದೂ ಬೇಡ. ಕಬ್ಬನ್ ರಸ್ತೆಯ ಸುತ್ತ ಸಾವಿರಾರು ಪೊಲೀಸರು. ನಿಮ್ಮ ಕೈಯಲ್ಲಿ ಫಲಕ: ಹೆಣ್ಣು ಸರಕಲ್ಲ. ಪಕ್ಕದಲ್ಲಿ ಇನ್ನೊಂದು ಮೆರವಣಿಗೆ, ಅದರ ಘೋಷಣೆ: ಭಾರತೀಯ ಸಂಸ್ಕೃತಿ ಉಳಿಸಿ. ರೈತಸಂಘದ ಹಸಿರು ಶಾಲುಗಳ ಸಿಟ್ಟು ಬಹುರಾಷ್ಟ್ರೀಯ ಕಂಪನಿಗಳ ಮೇಲೆ, ಅದು ನಿಮಗೂ ಅರ್ಥವಾಗುತ್ತದೆ. ಆದರೆ ಸಂಸ್ಕೃತಿಯ ಹೆಸರು ಹೇಳುವವನು ನಾಳೆ ನಿಮ್ಮ ತೋಳಿಲ್ಲದ ರವಿಕೆಯನ್ನೂ ಪ್ರಶ್ನಿಸುತ್ತಾನೆ. ಅವನ ಕೈಯಲ್ಲೂ ಒಂದು ಅಳತೆಪಟ್ಟಿ ಇದೆ. ಮೈಕಾವು, ಹೊಗೆ, ಬೂಟಿನ ಸದ್ದು, ಎರಡು ಗುಂಪುಗಳು ಹತ್ತಿರವಾಗುತ್ತಿವೆ. ಒಟ್ಟಿಗೆ ಕೂಗಿದರೆ ದನಿ ದೊಡ್ಡದಾಗುತ್ತದೆ, ಮಾತು ಕಳೆದುಹೋಗುತ್ತದೆ. ಕೆಲವು ದಿನದ ಕೆಳಗಷ್ಟೇ ಮದುರೆಯಲ್ಲಿ ಒಬ್ಬ ಯುವಕ ಈ ಸ್ಪರ್ಧೆಯ ವಿರುದ್ಧ ಮೈಗೆ ಬೆಂಕಿ ಹಚ್ಚಿಕೊಂಡು ಸತ್ತಿದ್ದಾನೆ. ಅದನ್ನು ನೆನೆದರೆ ಕಾಲು ನಡುಗುತ್ತದೆ. ಈಜುಡುಗೆಯ ಸುತ್ತನ್ನು ಇಲ್ಲಿಂದ ಎತ್ತಿ ಸೀಶೆಲ್ಸ್ ದ್ವೀಪದಲ್ಲಿ ನಡೆಸಿದ್ದಾರೆ. ಇದು ನಮ್ಮ ಗೆಲುವು ಎಂದು ಪಕ್ಕದ ಮೆರವಣಿಗೆ ಹೇಳುತ್ತದೆ. ಸಮುದ್ರದ ಆಚೆಯ ಆ ದಡದಲ್ಲಿ ಅದೇ ಹುಡುಗಿಯರು ಅದೇ ಮೈಯನ್ನು ತೀರ್ಪಿಗೆ ಒಡ್ಡಿ ಬಂದರು. ನೀವು ಫಲಕವನ್ನು ಎತ್ತಿ ಹಿಡಿದು ರಸ್ತೆಯ ಎದುರು ಬದಿಗೆ ದಾಟುತ್ತೀರಿ. ನಿಮ್ಮ ಜೊತೆ ದಾಟಿದವರು ಕಡಿಮೆ.

ಮತ್ತೆ ಲಂಡನ್ನಿಗೆ ಬನ್ನಿ. ವ್ಯಾನಿನ ಬಾಗಿಲು ಮುಚ್ಚಿಕೊಳ್ಳುತ್ತದೆ. ಒಳಗೆ ಕತ್ತಲು, ಡೀಸೆಲ್ ವಾಸನೆ, ನಾಲ್ಕೈದು ಹೆಂಗಸರ ಏದುಸಿರು. ಒಬ್ಬಳು ನಗಲು ಶುರುಮಾಡುತ್ತಾಳೆ, ಅದು ಅಳುವಿಗೆ ತಿರುಗುತ್ತದೆ. ಇನ್ನೊಬ್ಬಳು ತನ್ನ ಕೋಟನ್ನು ನಿಮ್ಮ ಬರಿಗಾಲಿಗೆ ಸುತ್ತುತ್ತಾಳೆ. ದೂರದಲ್ಲಿ, ಗೋಡೆಗಳ ಆಚೆ, ಸಂಗೀತ ಮತ್ತೆ ಶುರುವಾಗಿದೆ. ಅಷ್ಟೆಲ್ಲ ಆದ ಮೇಲೂ ಶುರುವಾಗಿದೆ. ಮುಂದೆ ನಿಮ್ಮಲ್ಲಿ ಐವರು ಬೋ ಸ್ಟ್ರೀಟಿನ ಮ್ಯಾಜಿಸ್ಟ್ರೇಟರ ಕಟಕಟೆಯಲ್ಲಿ ನಿಲ್ಲಬೇಕಾಗುತ್ತದೆ. ಅದು ಈಗ ನಿಮಗೆ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ, ಮಗು ಎದ್ದರೆ ಯಾರನ್ನು ಕರೆಯುತ್ತದೆ ಎಂಬುದು.

ಠಾಣೆಯಲ್ಲಿ ಹಳದಿ ಬೆಳಕು. ಮೇಜಿನ ಆಚೆ ಕೂತ ಪೊಲೀಸ್ ಪೆನ್ನಿನ ಮುಚ್ಚಳ ತೆಗೆಯುತ್ತಾನೆ. ವಯಸ್ಸಾದ ಮನುಷ್ಯ, ದನಿಯಲ್ಲಿ ಒರಟುತನವಿಲ್ಲ. ಹೆಸರು ಕೇಳುತ್ತಾನೆ, ಹೇಳುತ್ತೀರಿ. ವಿಳಾಸ ಕೇಳುತ್ತಾನೆ, ಹೇಳುತ್ತೀರಿ. ಉಗುರಿನ ಸಂದಿಯಲ್ಲಿ ಹಿಟ್ಟು ಕೂತಿದೆ. ಮೇಜಿನ ಕೆಳಗೆ ಅದನ್ನು ಇನ್ನೊಂದು ಉಗುರಿನಿಂದ ಮೆಲ್ಲಗೆ ಕೆರೆಯುತ್ತಿದ್ದೀರಿ.

ಅವನು ನಿಮ್ಮನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡುತ್ತಾನೆ. ಕಾಗದದ ಮುಂದಿನ ಖಾಲಿ ಜಾಗಕ್ಕೆ ಪೆನ್ನು ಇಳಿಸುತ್ತಾನೆ.

‘ಎತ್ತರ?’ ಎನ್ನುತ್ತಾನೆ. ‘ಕೂದಲ ಬಣ್ಣ? ಕಣ್ಣಿನ ಬಣ್ಣ?’